ಡಾಕ್ಟರಬಾಯಿ ಸುಮ್ಮನಾದ ಮೇಲೆ

ಜೂನ್ 4, ಮಂಗಳವಾರ

ಚಪಾತಿ ಮಾಡಿಟ್ಟು, ಮಗಳು ಸ್ನೇಹಲ್‌ಳನ್ನು ಬಾಲವಾಡಿಗೆ ಬಿಟ್ಟು, ಇವರ ಜೊತೆ ಕುಡಚಡೆಯಿಂದ ಮಡಗಾಂವಕ್ಕೆ. ಐದನೇ ತಿಂಗಳ ಸ್ಕ್ಯಾನ್. ಇಪ್ಪತ್ತು ವಾರ. ಡಾಕ್ಟರಬಾಯಿ ಮೊದಲು ಚೆನ್ನಾಗಿ ಮಾತಾಡುತ್ತಿದ್ದರು. ಕೂಸಿನ ತಲೆ ಹತ್ತಿರ ಬಂದಾಗ ಸುಮ್ಮನಾದರು. ಅಲ್ಲೇ ಒತ್ತಿ ಒತ್ತಿ ನೋಡಿದರು. ನಾನು ಜೆಲ್ ಒರೆಸಿಕೊಳ್ಳುವಾಗ ಪರದೆಯಾಚೆ ಇವರ ಜೊತೆ ಕೊಂಕಣಿಯಲ್ಲಿ ಮಾತು. ನನಗೆ ಬರುವುದು ಸಂತೆಯ ಕೊಂಕಣಿ, ಆಸ್ಪತ್ರೆಯದಲ್ಲ.

ರೈಲಿನಲ್ಲಿ ಇವರು ಹೇಳಿದ್ದು ಇಷ್ಟೇ — "ಮಿದುಳಿನಾಗ ನೀರು ಸ್ವಲ್ಪ ಜಾಸ್ತಿ ಐತಂತ. ಎರಡು ವಾರ ಬಿಟ್ಟು ಮತ್ತ ನೋಡ್ತಾರಂತ."

ಅತ್ತೆ ಮುರುಗೆವ್ವ ಕೇಳಿದ್ದು ಒಂದೇ. "ಬಾಯಾರು ನಕ್ಕರೇನು?" ಗಂಡೋ ಹೆಣ್ಣೋ ಹೇಳಬಾರದು ಅಂತ ಕಾನೂನು. ಹಾಗಾಗಿ ನಮ್ಮ ಮನೆಯಲ್ಲಿ ಡಾಕ್ಟರ ಮುಖ ನೋಡಿ ತಿಳಿಯುವುದು. ನಕ್ಕರೆ ಗಂಡು, ಸುಮ್ಮನಾದರೆ ಹೆಣ್ಣು. ಸ್ನೇಹಲ್ ಹೊಟ್ಟೆಯಲ್ಲಿದ್ದಾಗಲೂ ಸುಮ್ಮನಾಗಿದ್ದರಂತೆ.

ಜೂನ್ 6, ಮಧ್ಯಾಹ್ನ 3

ರಿಪೋರ್ಟ್ ತೆಗೆದು ನೋಡಿದೆ. ಎಲ್ಲ ಇಂಗ್ಲಿಷ್. ನೀರಿನ ಅಳತೆ ಹದಿಮೂರು ಮಿಲಿಮೀಟರ್ ಅನ್ನುವುದಷ್ಟೇ ತಿಳಿಯಿತು. ಹತ್ತರ ಒಳಗಿರಬೇಕು ಅಂತ ಇವರು ಹೇಳಿದರು. ಮಿದುಳು ಕೆಟ್ಟ ಕೂಸು ಇಷ್ಟು ಜೋರು ಒದೆಯುತ್ತದಾ? ಹೆಚ್ಚಾದರೆ ಏನು ಅಂತ ಇವರನ್ನು ಕೇಳಿದೆ.

"ಇಪ್ಪತ್ನಾಲ್ಕು ವಾರದೊಳಗ ವಿಚಾರ ಮಾಡಬೇಕಂತ."

ಏನು ವಿಚಾರ? ಎದ್ದು ಅಂಗಡಿಗೆ ಹೋದರು. ಆಮೇಲೆ ಅತ್ತೆ ಬೆಳಗಾವಿಯ ತಂಗಿಗೆ ಫೋನಿನಲ್ಲಿ — "ಈ ಸಲಾನೂ ಹಂಗ ಕಾಣ್ತದವ್ವಾ."

ತಿಳಿಯಿತು. ನೀರಂತೆ ನೀರು. ಹೆಣ್ಣು ಅಂತ ಹೇಗೋ ಗೊತ್ತು ಮಾಡಿಕೊಂಡಿದ್ದಾರೆ. ತೆಗೆಸಲು ಒಂದು ಕಾರಣ ಬೇಕಲ್ಲ...

ಜೂನ್ 18, ಮಂಗಳವಾರ

ಇವತ್ತು ಎರಡನೇ ಸ್ಕ್ಯಾನ್. ಜ್ವರ ಅಂದೆ. ಜ್ವರ ಇಲ್ಲ. ಇವರು ಹಣೆ ಮುಟ್ಟಿ ನೋಡಿ ಹೊರಟುಹೋದರು. ಚಹಾ ತಡವಾದರೆ ಊರು ಒಂದು ಮಾಡುವ ನನ್ನ ಗಂಡ ಗುರುಪಾದ ಇವತ್ತು ಜಗಳ ಆಡಲಿಲ್ಲ. ನನಗೆ ಅದೇ ಅನುಮಾನ.

ಜೂನ್ 22, ಶನಿವಾರ

ಒಗೆಯಲು ತೆಗೆದ ಅಂಗಿಯ ಕಿಸೆಯಲ್ಲಿ ಎರಡು ರೈಲು ಟಿಕೆಟ್. ಎರಡೂ ಮಡಗಾಂವದ್ದು, ಬೇರೆ ಬೇರೆ ದಿನ. ಕೇಳಿದರೆ "ಮಾಲು ನೋಡಾಕ ಹೋಗಿದ್ದೆ" ಅಂದರು. ಯಾವ ಮಾಲೂ ಬಂದಿಲ್ಲ. "ಯಾಕ, ನನ್ನ ಮ್ಯಾಲ ಸಂಶೇ ಏನು?" ಅಂತ ತಾವೇ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಇನ್ನು ಹತ್ತು ದಿನ ತಡೆದರೆ ಸಾಕು, ಇಪ್ಪತ್ನಾಲ್ಕು ವಾರ ದಾಟಿದರೆ ತೆಗೆಯುವಂತಿಲ್ಲ.

ಜುಲೈ 5, ಶುಕ್ರವಾರ

ಇಪ್ಪತ್ನಾಲ್ಕು ವಾರ ದಾಟಿತು. ನೆಪ ಹೇಳಿ ಹೇಳಿ ದಾಟಿಸಿದೆ. ಗೆದ್ದೆವು ನಾವಿಬ್ಬರೂ ಅಂತ ಹೊಟ್ಟೆಗೆ ಹೇಳಿದೆ. ಇನ್ನು ಯಾರೂ ಕೈ ಹಚ್ಚಲಾರರು. ಈಗ ಧೈರ್ಯವಾಗಿ ಸ್ಕ್ಯಾನ್ ಮಾಡಿಸಬಹುದು — ಇವರಿಗೆ ಹೇಳದೆ. ಪಕ್ಕದ ಮನೆ ಮಾಶಾಬಿ ಜೊತೆಗೆ ಬರುತ್ತಾಳೆ. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತದೆ.

ಜುಲೈ 8, ಸೋಮವಾರ, ಸಂಜೆ 6

ಮಾಶಾಬಿ ಜೊತೆ ಮಡಗಾಂವಕ್ಕೆ ಹೋಗಿ ಬಂದೆ. ಬರೆಯಲೇಬೇಕು.

ಡಾಕ್ಟರಬಾಯಿ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಕಪ್ಪಗೆ ಕಂಡದ್ದೆಲ್ಲ ನೀರು. ಹದಿಮೂರಿದ್ದದ್ದು ಹತ್ತೊಂಬತ್ತು. ಮಿದುಳಿನ ಎರಡು ಭಾಗ ಜೋಡಿಸುವ ಸೇತುವೆಯೂ ಕಾಣುತ್ತಿಲ್ಲ. ಅವರು ಹಿಂದಿಯಲ್ಲಿ ಹೇಳಿದ್ದನ್ನು ಮಾಶಾಬಿ ಒಂದೊಂದೇ ಹೇಳಿದಳು. "ನಡಿಯೂದು, ಮಾತಾಡೂದು ಭಾಳ ತಡಾ ಆಗಬಹುದಂತ. ಫಿಟ್ಸ್ ಬರಬಹುದಂತ. ಎಷ್ಟು ಅಂತ ಸ್ಕ್ಯಾನ್ ನೋಡಿ ಖಾತ್ರಿ ಹೇಳಾಕ ಆಗೂದಿಲ್ಲಂತ."

ಬರೀ ಹದಿಮೂರು ಇದ್ದರೆ ಬಹಳಷ್ಟು ಮಕ್ಕಳು ಚೆನ್ನಾಗೇ ಆಗುತ್ತಾರಂತೆ. ಯಾವ ಕಡೆ ಹೋಗುತ್ತದೆ ಅಂತ ತಿಳಿಯಲಿಕ್ಕೇ ಎರಡು ವಾರಕ್ಕೆ ಕರೆದದ್ದು. ಇಪ್ಪತ್ನಾಲ್ಕು ದಾಟಿದ್ದರೂ, ಇಂಥ ಕೂಸಾದರೆ ತೆಗೆಸಬಹುದೇ ಅಂತ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮಂಡಳಿ ಕೂತು ನೋಡುತ್ತದೆ. ಮುಂದುವರಿಸುವುದೋ ಬೇಡವೋ, ಬೇಗ ಹೇಳಿ, ನೀವೇ ಹೇಳಬೇಕು ಅಂದರು.

ಕೇಳಿಯೇ ಬಿಟ್ಟೆ. ಹೆಣ್ಣು ಅಂತ ತಾನೇ ಇದೆಲ್ಲ?

ಡಾಕ್ಟರಬಾಯಿ ನನ್ನನ್ನೇ ನೋಡಿದರು. ನಿಮ್ಮ ಗಂಡ ಅದನ್ನು ಕೇಳಿಯೇ ಇಲ್ಲ ಅಂದರು. ನೀವು ಬರದೇ ಇದ್ದಾಗ ಎರಡು ಸಲ ಒಬ್ಬರೇ ಬಂದಿದ್ದರು. ಎರಡೂ ಸಲ ಕೇಳಿದ್ದು ಒಂದೇ, ಕೂಸು ತನ್ನ ಅವ್ವನನ್ನು ಗುರುತು ಹಿಡಿಯುತ್ತದಾ ಅಂತ.

ನಾಚಿಕೆಯಾಗುತ್ತಿದೆ. ನನ್ನ ಮೇಲೆ ನನಗೇ ಸಿಟ್ಟು. ಐದು ವಾರ ಕಳ್ಳನನ್ನು ಕಾಯುವ ಹಾಗೆ ಅವರನ್ನು ಕಾದೆ, ಅವರ ಮುಖ ಮಾತ್ರ ನೋಡಲಿಲ್ಲ.

7.10

ಬಂದರು. ಹೊರಗೆ ಕಾಲು ತೊಳೆಯುತ್ತಿದ್ದಾರೆ. ಹತ್ತೊಂಬತ್ತು ಅಂತ ಮೊದಲು ಹೇಳಲೋ, ನಾನು ಏನು ತಿಳಿದಿದ್ದೆ ಅಂತ ಮೊದಲು ಹೇಳಲೋ. ಬಾಗಿಲಲ್ಲಿ ನಿಂತಿದ್ದಾರೆ. "ನಿನ್ನ ಕಾಲು ಬೀಳ್ತೇನಿ, ನಾಳಿ ಒಂದ ಸಲ ಸ್ಕ್ಯಾನಿಗೆ ಬಾ. ಇನ್ನೂ ಹದಿಮೂರ ಇದ್ರ ಚಿಂತಿಲ್ಲ ಅಂದಾರ" ಅನ್ನುತ್ತಿದ್ದಾರೆ. ನಾನು ಇನ್ನೂ ತಲೆ ಎತ್ತಿಲ್ಲ, ಬರೆಯುತ್ತಲೇ ಇದ್ದೇನೆ.