ಸೀಟಿಲ್ಲದ ಹದಿನಾಲ್ಕು ವಿಮಾನ

ಜನವರಿ 13, ಮಂಗಳವಾರ

ಈ ಸಲವೂ ನಾನೇ ಗೆದ್ದೆ ಅಂತ ಮಧ್ಯಾಹ್ನದವರೆಗೂ ಬೀಗುತ್ತಿದ್ದೆ. ಮದುವೆಯಾದಾಗಿನಿಂದ ನಮ್ಮಿಬ್ಬರದು ಒಂದೇ ಪಂದ್ಯ. ನಾನು ವಿಮಾನದ ರೆಕ್ಕೆಗೆ ರಿವೆಟ್ ಹೊಡೆದ ಕಂಪನಿ ಒಂದು ಕಡೆ, ಇವರು ಸೀಟು ಜೋಡಿಸಿದ ಕಂಪನಿ ಇನ್ನೊಂದು ಕಡೆ. ವರ್ಷದಲ್ಲಿ ಯಾರ ವಿಮಾನ ಹೆಚ್ಚು ಗಿರಾಕಿಗಳ ಕೈ ಸೇರಿತೋ ಅವರು ಗೆದ್ದಂತೆ. ಸೋತವರು ಮುಂದಿನ ವರ್ಷವಿಡೀ ಬೆಳಗಿನ ಕಾಫಿ ಹಾಸಿಗೆಗೆ ತಂದುಕೊಡಬೇಕು. ಲೆಕ್ಕ ಬರೆಯೋದು ಇವರು, ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಗೆ. ಆರು ವರ್ಷದಿಂದ ಸೋಲುತ್ತಲೇ ಇದ್ದಾರೆ, ಪಾಪ.

ಇವತ್ತು ಹಳೇ ಕ್ಯಾಲೆಂಡರ್ ತೆಗೆದವಳು ತಿರುಗಿಸಿ ನೋಡಿದೆ. ನನ್ನ ಲೆಕ್ಕಕ್ಕೆ ಹದಿನಾಲ್ಕು ವಿಮಾನ ಸೇರಿಸಿ, ಪಕ್ಕದಲ್ಲಿ ಸಣ್ಣಗೆ ಬರೆದಿದ್ದಾರೆ: “ಸೀಟು ಬಂದಿಲ್ಲ, ಇನ್ನೂ ಕಾರ್ಖಾನೆಯಲ್ಲೇ ನಿಂತಿವೆ.” ಸೀಟಿಲ್ಲದ್ದು ವಿಮಾನವೇ ಅಲ್ಲ ಕಣೇ, ತಗಡಿನ ಡಬ್ಬ ಅಂತ ಜೀವಮಾನವಿಡೀ ನನ್ನ ಜೊತೆ ಜಗಳಾಡಿದ ಮನುಷ್ಯ! ಆ ಡಬ್ಬಗಳನ್ನು ಬಿಟ್ಟರೆ ನಾನು ಒಂಬತ್ತು ವಿಮಾನಗಳಿಂದ ಸೋತಿದ್ದೇನೆ.

ಮೈಯೆಲ್ಲ ಉರಿಯಿತು. ನನ್ನ ಕಂಪನಿಗೆ ಇವರ ದಾನ ಯಾಕೆ?

“ಏನ್ರೀ, ಮತ್ತೆ ಸೋತ್ರಲ್ಲ, ನಾಚಿಕೆ ಆಗಲ್ವಾ?” ಅಂತ ಕೆಣಕಿದೆ.

“ಆಗುತ್ತೆ. ಏನ್ಮಾಡ್ಲಿ? ನಿನ್ನ ಮಂಡಿ ಹೇಗಿದೆ? ಬೆಳಿಗ್ಗೆ ಚಳಿಯಲ್ಲಿ ಮೆಟ್ಟಿಲು ಇಳೀಬೇಡ.”

ಅಡುಗೆಮನೆ ಕೆಳಗಿದೆ. ನನ್ನ ಮಂಡಿ ಕೆಟ್ಟು ಆರು ವರ್ಷ.

ಹಿಂದಿನ ಕ್ಯಾಲೆಂಡರುಗಳೆಲ್ಲ ಅಟ್ಟದ ಮೇಲಿವೆ. ತೆಗೆದು ನೋಡೋದಿಲ್ಲ. ನಾಳೆ ಕಾಫಿ ಬಂದಾಗ ಸಕ್ಕರೆ ಕಡಿಮೆ ಅಂತ ಎಂದಿನ ಹಾಗೇ ಬೈಯಬೇಕು. ಬೈಯದಿದ್ದರೆ ಇವರಿಗೆ ಗೊತ್ತಾಗಿಬಿಡುತ್ತೆ.