ಟೀ ಕ್ಯಾನಿನಲ್ಲಿ ಬಂದ ಮೆಲುಕು

ಜನವರಿ 12, ಸಂಜೆ

ಇವತ್ತೂ ವೆಟರ್ನರಿ ಕಾಲೇಜಿನ ಫಾರ್ಮ್ ಪ್ರಾಕ್ಟಿಕಲ್. ಗಂಬೂಟು ಒಂದು ಸೈಜ್ ದೊಡ್ಡದು, ಕಾಲು ಒಂದು ಕಡೆ, ಬೂಟು ಒಂದು ಕಡೆ. ಕೊನೆಯ ಕೊಟ್ಟಿಗೆಯಲ್ಲಿ ಒಂದು ಹಸು. ಪಕ್ಕೆಯಲ್ಲಿ ತಟ್ಟೆಯಗಲದ ರಬ್ಬರ್ ಮುಚ್ಚಳ. ಹೊಟ್ಟೆಗೆ ಕಿಟಕಿ! ಪಾಠಕ್ಕೆಂದೇ ಹಿಂದೆ ಯಾವಾಗಲೋ ಆಪರೇಷನ್ ಮಾಡಿಸಿದ್ದು. ಈಗ ನೋವಿಲ್ಲವಂತೆ. ತನ್ನ ಪಾಡಿಗೆ ತಾನು ಹುಲ್ಲು ಮೇಯುತ್ತಿತ್ತು.

ಸರಿತಾ ಮೇಡಂ ಮುಚ್ಚಳ ತೆಗೆದು, "ರೋಜಾ, ಕೈ ಹಾಕು" ಅಂದರು. ಭುಜದವರೆಗೆ ಗ್ಲೌಸ್. ಒಳಗೆ... ಬೆಚ್ಚಗೆ. ಅರೆಬರೆ ಅರಗಿದ ಹುಲ್ಲು. ಇದ್ದಕ್ಕಿದ್ದಂತೆ ಇಡೀ ಹೊಟ್ಟೆ ನನ್ನ ಕೈಯನ್ನು ಹಿಂಡಿ ಬಿಟ್ಟಿತು. ಕಿರುಚಿದೆ. ಎಲ್ಲರೂ ನಕ್ಕರು. ನಗಲಿ. ದನಗಳ ಜೊತೆಯೇ ಬೆಳೆದವಳು ನಾನು. ಒಳಗೆ ಇಷ್ಟೊಂದು ನಡೆಯುತ್ತದೆ ಎಂದು ಗೊತ್ತೇ ಇರಲಿಲ್ಲ.

ಜನವರಿ 13

ಲ್ಯಾಬ್. ಆ ಹೊಟ್ಟೆಯ ರಸದ ಒಂದೇ ಹನಿ, ಮೈಕ್ರೋಸ್ಕೋಪ್ ಕೆಳಗೆ. ಜೀವಗಳು! ರೋಮ ಬಡಿಯುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ... ಹಬ್ಬದ ಹಿಂದಿನ ದಿನದ ಸೇಲಂ ಬಸ್ ಸ್ಟ್ಯಾಂಡ್. ಹುಲ್ಲು ಅರಗಿಸುವವು ಇವೇ ಅಂದರು ಮೇಡಂ. ಇವು ಸತ್ತರೆ ಹೊಟ್ಟೆ ತುಂಬಿದ್ದರೂ ಹಸು ಉಪವಾಸ. ನೋಡುತ್ತಲೇ ಇದ್ದೆ. ಹಿಂದೆ ನಿಂತಿದ್ದ ಅರ್ಚನಾ ಬೆನ್ನಿಗೆ ಗುದ್ದಿ ಎಬ್ಬಿಸಿದಳು.

ಜನವರಿ 18

ಪರೀಕ್ಷೆ ಅಂತ ಪೊಂಗಲ್‌ಗೆ ಊರಿಗೆ ಹೋಗಲಿಲ್ಲ. ಬೆಳಿಗ್ಗೆ ಅಜ್ಜಿಯ ಫೋನ್. ದನಗಳ ಹಬ್ಬ ಮಾಟ್ಟು ಪೊಂಗಲ್ ದಿನ ಅವ್ವ ಪ್ರೀತಿ ಹೆಚ್ಚಾಗಿ ನಮ್ಮ ಹಸು ಕೆಂಪಿಗೆ ಒಂದು ದೊಡ್ಡ ಪಾತ್ರೆ ಪೊಂಗಲ್ ತಿನ್ನಿಸಿಬಿಟ್ಟಿದ್ದಾಳೆ. ಹಸುವಿಗೆ ಅಷ್ಟು ಅನ್ನ ವಿಷ. ಹೊಟ್ಟೆಯೆಲ್ಲ ಹುಳಿ. ನಲ್ಲಂಪಳ್ಳಿಯ ಡಾಕ್ಟರ್ ವಿಶ್ವನಾಥನ್ ಸರ್ ಡ್ರಿಪ್ ಹಾಕಿ, ಅಡುಗೆ ಸೋಡಾ ಕುಡಿಸಿ ಜೀವ ಉಳಿಸಿದ್ದಾರೆ. ಆದರೆ ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ.

"ನಿಮ್ಮವ್ವ ಅನ್ನ ಮುಟ್ಟಾಕಿಲ್ಲ ಅಂತ ಕುಂತವ್ಳೆ ಕಣಮ್ಮಿ. ಕೈಯಾರ ಕೊಂದೆ ಅಂತಾಳೆ. ಬರೀ ಮಜ್ಜಿಗೆ ನೀರಲ್ಲೇ ಅವ್ಳೆ."

"ನೀನೇನ್ ಮಾಡ್ದೆ ಅಜ್ಜಿ?"

"ಕುಪ್ಪಮ್ಮನ ಅಸು ಬಾಯಿಂದ ಒಂದಿಡಿ ಮೆಲುಕು ತೆಗ್ದು ಕೆಂಪಿಗೆ ಕೊಡಾನ ಅಂತ ಓಗಿದ್ದೆ. ನಮ್ ಕಾಲದಾಗೆ ಅಂಗೇ ಮಾಡ್ತಿದ್ದಿದ್ದು. ಆ ಮುಂಡೇದು ಕೈ ಕಚ್ತು!"

ನಕ್ಕೆ. ಆಮೇಲೆ ನಗು ನಿಂತಿತು. ಹುಳಿಗೆ ಕೆಂಪಿಯ ಹೊಟ್ಟೆಯ ಜೀವಗಳು ಸತ್ತಿರಬೇಕು. ಒಂದರ ಹೊಟ್ಟೆಯ ಜೀವಗಳು ಇನ್ನೊಂದಕ್ಕೆ... ಕಿಟಕಿ ಹಸು!

ಅದೇ ದಿನ, ಸಂಜೆ

ಲೈಬ್ರರಿಗೆ ಓಡಿದೆ. ಅಜ್ಜಿ ಹೇಳಿದ್ದು ಪುಸ್ತಕದಲ್ಲಿದೆ! ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು, ಚಿತ್ರ, ಅಳತೆ ಎಲ್ಲ ಸಮೇತ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅದನ್ನು ಬರೆದವರು ನಮ್ಮೂರು ನೋಡಿದವರಲ್ಲ. ಪುಸ್ತಕ ಹಿಡಿದು ಸರಿತಾ ಮೇಡಂ ಬಳಿ ಹೋದೆ. ಕಿಟಕಿ ಹಸುವಿನ ಹೊಟ್ಟೆಯ ರಸ ಕೊಡಲು ಒಪ್ಪಿದರು. "ಆರಬಾರದು, ತಡವಾಗಬಾರದು. ಆರಿದರೆ ಮುಗೀತು" ಅಂದರು.

ಜನವರಿ 19, ಬಸ್ಸಿನಲ್ಲಿ

ತೊಡೆಯ ಮೇಲೆ ಕ್ಯಾಂಟೀನ್ ಸುಬ್ರಮಣಿ ಅಣ್ಣನ ದೊಡ್ಡ ಟೀ ಕ್ಯಾನ್. ಒಳಗೆ ಏನು ತುಂಬುತ್ತೇನೆ ಅಂತ ಹೇಳಿದ ಮೇಲೆ, "ವಾಪಸ್ ಬೇಡ, ನೀನೇ ಇಟ್ಕೋ" ಎಂದರು. ಕಂಡಕ್ಟರ್, "ಟೀಯಾ ಪಾಪಾ? ಒರು ಟೀ ಕೊಡು" ಎಂದ. ಮುಚ್ಚಳ ತುಸು ಸರಿಸಿದೆ. ಈಗ ನನ್ನ ಸೀಟಿನ ಸುತ್ತ ಜಾಗವೋ ಜಾಗ.

ತೊಪ್ಪೂರು ಘಾಟಿಯಲ್ಲಿ ಲಾರಿಗಳ ಸಾಲು. ನಿಂತಿದ್ದೇವೆ. ಕ್ಯಾನಿಗೆ ದುಪಟ್ಟಾ ಸುತ್ತಿದ್ದೇನೆ. ಮುಚ್ಚಳದ ಸಂದಿಗೆ ಬೆರಳಿಟ್ಟರೆ ಇನ್ನೂ ಬೆಚ್ಚಗಿದೆ. ಕೋಟಿ ಕೋಟಿ ಜೀವಗಳು, ನನ್ನ ಮಡಿಲಲ್ಲಿ. ಸಾಯಬೇಡಿ... ಸಾಯಬೇಡಿ.

ಅದೇ ದಿನ, ಸಂಜೆ

ಬಿಸಿ ಉಳಿದಿತ್ತು. ವಿಶ್ವನಾಥನ್ ಸರ್ ಕೆಂಪಿಯ ಬಾಯಿಂದ ಟ್ಯೂಬ್ ಇಳಿಸಿದರು. ನಾನು ಸುರಿದೆ. ಅಜ್ಜಿ ಬಗ್ಗಿ ಮೂಸಿದಳು.

"ಮೆಲುಕೇ ಕಣಮ್ಮಿ! ಒಂದ್ ಕ್ಯಾನ್ ಮೆಲುಕು! ಯಾವ ಅಸು ಇಷ್ಟ್ ಕೊಡ್ತು?"

ಕಿಟಕಿಯ ವಿಷಯ ಹೇಳಿದೆ. ಬಾಯಿ ಬಿಟ್ಟುಕೊಂಡು ಕೂತಳು. ಆಮೇಲೆ ಕಾಲೇಜು ಯಾವ ದಿಕ್ಕಿಗೆ ಅಂತ ಕೇಳಿ, ಆ ಕಡೆಗೆ ಕೈಮುಗಿದಳು. "ಆ ತಾಯಿ ಒಟ್ಟೆ ತಣ್ಣಗಿರ್ಲಿ."

ತಣ್ಣಗಾಗಬಾರದು ಅಂತಲೇ ಇಷ್ಟು ಪಾಡುಪಟ್ಟದ್ದು, ಅಜ್ಜಿ!

ಅವ್ವ ಕಂಬಕ್ಕೆ ಒರಗಿ ಕೂತೇ ಇದ್ದಳು. ಕಣ್ಣು ಒಳಗೆ ಹೋಗಿವೆ. ಭಯವಾಗುತ್ತದೆ.

ಜನವರಿ 20

ಏನೂ ಇಲ್ಲ.

ಜನವರಿ 21, ಬೆಳಿಗ್ಗೆ

ಕೊಟ್ಟಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕೆಂಪಿ ಎರಡು ಎಳೆ ಹುಲ್ಲು ತಿಂದು ಮಲಗಿತ್ತು. ಕಿವಿ ಆಡಿಸಿತು. ಕುತ್ತಿಗೆಯಲ್ಲಿ ಒಂದು ಉಂಡೆ, ಕೆಳಗಿನಿಂದ ಮೇಲಕ್ಕೆ ಸರಿಯಿತು. ನಿಜವಾಗಿ ನೋಡಿದೆನಾ? ನೋಡಿದೆ. ದವಡೆ ಆಡಿತು... ನಿಂತಿತು... ಮತ್ತೆ ಆಡಿತು. ಆಡುತ್ತಲೇ ಇದೆ! ಹುಟ್ಟಿದಾಗಿನಿಂದ ದಿನಾ ಕಂಡದ್ದೇ. ಇಷ್ಟು ದೊಡ್ಡದೆಂದು ಇವತ್ತೇ ತಿಳಿದದ್ದು. ಅಜ್ಜಿ, ಅವ್ವ, ನಾನು, ಮೂವರೂ ಹತ್ತಿರ ಸರಿದೆವು.

ಅವ್ವ ಕೆಂಪಿಯಿಂದ ಕಣ್ಣು ತೆಗೆಯದೆ ಕೇಳಿದಳು, "ಅತ್ತೆ... ಅನ್ನ ಐತಾ?"

"ಐತೆ ಐತೆ, ಸಾರೂ ಐತೆ. ಏಳ್ಬೇಡ, ಅಲ್ಲೇ ಕುಂತ್ಕೋ!" ಆ ವಯಸ್ಸಿನಲ್ಲೂ ಅಜ್ಜಿ ಓಡಿದಳು.

ಅವ್ವ ಕೆಂಪಿಯ ಎದುರಿಗೇ ತಟ್ಟೆ ಇಟ್ಟುಕೊಂಡಿದ್ದಾಳೆ. ಕಲಸಿದಳು. ಮೊದಲ ತುತ್ತು ಎತ್ತಿ — ಈ ಸಲ ತನ್ನ ಬಾಯಿಗೇ ಇಟ್ಟಳು.