ಕ್ಯಾರಿಯರಿನ ಮುಂದಿನ ಎರಡು ಕಾಲು

೧೧ ಜನವರಿ ೧೯೮೪. ಗಂಗಾವತಿ

ರೈಸ್ ಮಿಲ್ಲಿನಲ್ಲಿ ಭತ್ತ ಮೇಲೆತ್ತುವ ಎಲಿವೇಟರಿನ ಬಕೆಟ್ ಹದಿನೆಂಟು ಬೆಸೆದು ಮುಗಿದವು. ಟ್ರೇಲರಿನ ಹಿಂಬಾಗಿಲು ನಾಳೆಗೆ. ಹನ್ನೊಂದಕ್ಕೆ ಕರೆಂಟ್ ಹೋಗಿದ್ದು ಮೂರಕ್ಕೆ ಬಂತು.

ಸುಮ್ಮನೆ ಕೂತಿದ್ದಾಗ ಇರಕಲ್ಲಗಡದ ಕನಕಪ್ಪ ಬಂದ. ಕುಷ್ಟಗಿ, ಯಲಬುರ್ಗಾ ಕಡೆಯ ಬಾವಿಗಳಿಗೆ ಪಂಪು, ಪೈಪು ಕೂರಿಸುವವನು. ಹಳೆಯದೊಂದು ಪಿಕಪ್ ತಗೊಂಡಿದ್ದಾನೆ. ಹಿಂದಿನ ತೊಟ್ಟಿ ಎಂಟು ಅಡಿ, ಪೈಪು ಇಪ್ಪತ್ತು ಅಡಿ. ಹಿಂದೆ ಜೋತುಬಿದ್ದು, ರಸ್ತೆಗೆ ಉಜ್ಜಿ, ಪೈಪಿನ ಬಾಯಿ ಹಾಳಾಗುತ್ತಿದೆಯಂತೆ. ಕ್ಯಾಬಿನ್ ಮೇಲಿಂದ ಹಿಂದಿನವರೆಗೆ ಉದ್ದಕ್ಕೆ ಕ್ಯಾರಿಯರ್ ಬೇಕು.

"ಕಬ್ಬಿಣದ್ದು ಬ್ಯಾಡ್ರಿ. ಅದರ ಭಾರಕ್ಕನ ಗಾಡಿ ಕುಂತುಬಿಡ್ತೈತಿ. ಅಲ್ಯುಮಿನಿಯಂದು ಮಾಡಿಕೊಡ್ರಿ. ಹಗೂರ ಇರ್ಬೇಕು, ಗಟ್ಟಿನೂ ಇರ್ಬೇಕು."

"ಆಗ್ತೈತಿ" ಎಂದೆ. ಎಂದ ಮೇಲೆ ವಿರುಪಣ್ಣ ಕಾಕಾನ ಮುಖ ನೋಡಿದೆ. ಸ್ವಂತ ಕಾಕಾ ಅಲ್ಲ. ಮುನಿರಾಬಾದಿನ ಡ್ಯಾಮ್ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ನನಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿದವರು. ಈಗ ನನ್ನ ಅಂಗಡಿಯಲ್ಲೇ ಕೆಲಸಕ್ಕಿದ್ದಾರೆ... ಹೀಗೆ ಬರೆಯಲು ಇಂದಿಗೂ ಸಂಕೋಚ.

ಕಾಕಾ ನಕ್ಕರು. "ಹೂಂ ಅಂದುಬಿಟ್ಟೀಯಲ್ಲ, ಮಾಡೂನು ಬಿಡು."

೧೬ ಜನವರಿ

ಅಂಗಡಿಯ ನೆಲ ಗುಡಿಸಿ, ಸುಣ್ಣದ ಕಡ್ಡಿಯಲ್ಲಿ ಕ್ಯಾರಿಯರನ್ನು ಪೂರಾ ಅಳತೆಗೆ ಬರೆದೆವು. ಬರೆದವರು ಕಾಕಾ; ನಾನು ದಾರ ಹಿಡಿದೆ. ಆರು ಕಾಲು. ನಾಲ್ಕು ಹಿಂದೆ, ತೊಟ್ಟಿಗೆ. ಮುಂದಿನ ಎರಡು ಬಾನೆಟ್ಟಿನ ಎಡಬಲ, ಕೆಳಗೆ ಚಾಸಿಗೇ ಬೋಲ್ಟು. ಕ್ಯಾಬಿನ್ ತಗಡಿನ ಮೇಲೆ ಒಂದು ಕಿಲೋ ಭಾರವೂ ಬೀಳಬಾರದು. ಒಂದೊಂದು ಮುಂಗಾಲಿಗೂ, ಮುಂದಕ್ಕೆ ವಾಲದ ಹಾಗೆ, ಓರೆಯಾಗಿ ಒಂದು ಆನಿಕೆ.

"ಬ್ರೇಕ್ ಹಾಕಿದಾಗ ಪೈಪೆಲ್ಲಾ ಮುಂದಕ್ಕ ನುಗ್ತಾವ. ಆ ನೂಕೆಲ್ಲಾ ತಡಿಯೂದು ಈ ಎರಡು ಕಾಲು."

"ವೆಲ್ಡ್ ಮಾಡಿದ್ರ ಹೆಂಗ ಕಾಕಾ? ನೋಡಾಕ ಛಲೋ ಇರ್ತೈತಿ."

"ಬ್ಯಾಡ. ಅಲ್ಯುಮಿನಿಯಂ ಕಬ್ಬಿಣದಂಗಲ್ಲೋ. ಕಾಸಿದ್ರ ಕೆಂಪಾಗೂದಿಲ್ಲ. ಸುದ್ದಿ ಹೇಳದ ಕುಸಿದು ಬೀಳ್ತೈತಿ. ಬೆಸುಗಿ ನಿಂತ್ರೂ ಅದರ ಬಾಜೂಕ ಮೆತ್ತಗಾಗ್ತೈತಿ. ಪಟ್ಟಿ ಇಟ್ಟು ರಿವೆಟ್ ಹೊಡ್ಯೂನು."

೨೯ ಜನವರಿ

ಹುಬ್ಬಳ್ಳಿಯಿಂದ ಮಾಲು ಬಂತು. ಇಂದು ಪೈಪು ಬಾಗಿಸಿದೆವು. ಒಳಗೆ ಒಣ ಮರಳು ತುಂಬಿ ಎರಡೂ ಬಾಯಿಗೆ ಬೆಣೆ. ಮೇಲೆ ಬಟ್ಟೆ ಸೋಪು ಸವರಿ ಕಾಸುವುದು. ಸೋಪು ಕಪ್ಪಾದ ಕೂಡಲೇ ಬೆಂಕಿ ತೆಗೆದು ಬಾಗಿಸಬೇಕು. ಒಂದು ಗಳಿಗೆ ಹೆಚ್ಚಾದರೆ ಪೈಪು ಹೋಯಿತು. ನಾನು ಎರಡು ಕೆಡಿಸಿದೆ. ಕಾಕಾ ಒಂದೂ ಕೆಡಿಸಲಿಲ್ಲ. ಕಣ್ಣು ಮಂಜೆಂದು ಹೇಳುತ್ತಿರುತ್ತಾರೆ — ಆ ಸೋಪಿನ ಬಣ್ಣ ಮಾತ್ರ ನನಗಿಂತ ಮೊದಲು ಅವರಿಗೆ ಕಾಣುತ್ತದೆ.

೧೨ ಫೆಬ್ರವರಿ

ಪೈಪ್ ಕಂಪನಿಯ ಏಜೆಂಟ್ ಹುಬ್ಬಳ್ಳಿಯಿಂದ ಕನಕಪ್ಪನ ಜೊತೆ ಬಂದಿದ್ದ. ಕ್ಯಾರಿಯರ್ ಮನಸ್ಸಿಗೆ ಬಂದರೆ ಉಳಿದ ಡೀಲರುಗಳ ಗಾಡಿಗೂ ಹನ್ನೆರಡು ಮಾಡಿಸುತ್ತಾನಂತೆ. ಸುತ್ತ ಒಂದು ಸಲ ಓಡಾಡಿದ. ಪಟ್ಟಿ, ರಿವೆಟ್ ನೋಡಿ ಮುಖ ಕಿವುಚಿದ.

"ಇದೇನ್ರೀ, ಒಡಕ ಕೊಡಕ್ಕ ತ್ಯಾಪಿ ಹಚ್ಚಿದಂಗ ಕಾಣ್ತೈತಿ?"

ಕಾಕಾ ಕೇಳಿಸಿಕೊಳ್ಳದವರಂತೆ ರಿವೆಟ್ ಹೊಡೆಯುತ್ತಲೇ ಇದ್ದರು. ನನಗೆ ಮಾತ್ರ ನಾಟಿತು. ಇಪ್ಪತ್ತನೇ ತಾರೀಕು ಮತ್ತೆ ಬರುತ್ತೇನೆ ಅಂದಿದ್ದಾನೆ.

೧೮ ಫೆಬ್ರವರಿ

ಕಾಕಾನ ಹೆಂಡತಿ ಹಂಪವ್ವ ಚಿಗವ್ವನ ಅಣ್ಣ ಹಿಟ್ನಾಳದಲ್ಲಿ ತೀರಿಕೊಂಡರು. ಕಾಕಾ ಮತ್ತು ಚಿಗವ್ವ ನಿನ್ನೆಯೇ ಹೋದರು. ನಾನೊಬ್ಬನೇ.

ಮುಂಗಾಲಿನ ಪಟ್ಟಿಗಳನ್ನು ಬಿಚ್ಚಿದೆ. ಓರೆ ಆನಿಕೆಗಳನ್ನೂ ತೆಗೆದೆ. ಫ್ಲಕ್ಸ್ ಪುಡಿ ಹಚ್ಚಿ ಗ್ಯಾಸಿನಲ್ಲಿ ಬೆಸೆದೆ. ಮೊದಲ ಸಲ ತೂತು ಬಿತ್ತು, ತುಂಬಿದೆ. ಗ್ರೈಂಡರ್ ಹಿಡಿದು ಉಬ್ಬನ್ನೆಲ್ಲ ಸಪಾಟು ಮಾಡಿದೆ. ಬೆಸುಗೆ ಎಲ್ಲಿದೆ ಎಂದು ಕೈಯಾಡಿಸಿದರೂ ತಿಳಿಯದು. ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ನನ್ನ ಕೈ ಇಷ್ಟು ಚೆಂದದ ಕೆಲಸ ಎಂದೂ ಮಾಡಿರಲಿಲ್ಲ. ಹೆಂಡತಿ ಕಳಕಮ್ಮನನ್ನು ಮನೆಯಿಂದ ಕರೆದು ತೋರಿಸಿದೆ. "ಕಾಕಾಗ ಹೇಳಿ ಮಾಡೀರೇನು?" ಎಂದಳು. ಹೆಂಗಸರಿಗೆ ಕಬ್ಬಿಣ ಅಲ್ಯುಮಿನಿಯಂ ಏನು ತಿಳಿಯುತ್ತದೆ ಅಂದೆ.

೨೦ ಫೆಬ್ರವರಿ

ಏಜೆಂಟ್ ಖುಷಿಯಾದ. ಬೆನ್ನು ತಟ್ಟಿ ಬಸ್ಸಿಗೆ ಹೋದ.

ಮಧ್ಯಾಹ್ನ ಕಾಕಾ ಹಿಟ್ನಾಳದಿಂದ ನೇರ ಅಂಗಡಿಗೇ ಬಂದರು. ಕನಕಪ್ಪ ಬೀದಿ ಆಚೆ ಚಹಾ ಕುಡಿಯುತ್ತಿದ್ದ. ಕಾಕಾ ಮುಂಗಾಲಿನ ಮೇಲೆ ಹೆಬ್ಬೆರಳು ಎಳೆದರು. ಒಂದು ಕಡೆ ನಿಲ್ಲಿಸಿದರು. ಬೆಸುಗೆ ಸರಿಯಾಗಿ ಅಲ್ಲೇ ಇತ್ತು.

"ಯಾರ ಕೈ ಇದು?"

"ನಂದರಿ."

"ಕೊಯ್ದು ತಗಿ. ಎರಡು ದಿನ ತಡ ಆದ್ರ ಆಗ್ಲಿ."

"ಏಜೆಂಟ್ ನೋಡಿ ಒಪ್ಪ್ಯಾನ. ಕನಕಪ್ಪ ಗಾಡಿ ಒಯ್ಯಾಕ ಬಂದು ನಿಂತಾನ. ಈಗ ಕೊಯ್ದ್ರ ನನ್ನ ಮರ್ಯಾದಿ ಏನಾಗ್ತೈತಿ ಕಾಕಾ?"

"ಮರ್ಯಾದಿ ಪೈಪ್ ಹಿಡಿಯೂದಿಲ್ಲಪ್ಪ."

ಕೀಲಿ ಒಯ್ದು ಕನಕಪ್ಪನ ಕೈಗೆ ಕೊಟ್ಟೆ. ಗಾಡಿ ಹೊರಡುವಾಗ ಕಾಕಾ ಕಿಟಕಿಯ ಹತ್ತಿರ ಹೋಗಿ ಅವನಿಗೆ, "ಸದ್ಯಕ್ಕ ಭಾರ ಕಡಿಮಿ ಹಾಕು. ಹದಿನೈದು ದಿನಕ್ಕ ಒಮ್ಮಿ ತಂದು ತೋರ್ಸು" ಎಂದರು. ಯಾಕೆ ಎಂದು ಅವನು ಕೇಳಲಿಲ್ಲ. ಕಾಕಾ ನನ್ನ ಹೆಸರು ಹೇಳಲಿಲ್ಲ.

೯ ಮಾರ್ಚ್

ಕ್ಯಾರಿಯರ್ ಮುರಿದಿದೆ.

ತಾವರಗೇರಿ ಹತ್ತಿರ ಕುರಿ ಹಿಂಡು ಅಡ್ಡ ಬಂತಂತೆ. ಕನಕಪ್ಪ ಬ್ರೇಕ್ ಒತ್ತಿದ. ಮುಂಗಾಲು ಎರಡೂ ಕಿತ್ತುಹೋದವು. ಅವನ ಫಿಟ್ಟರ್ ದುರುಗಪ್ಪ ತೊಟ್ಟಿಯಲ್ಲಿ ನಿಂತು ಅಡ್ಡಪಟ್ಟಿ ಹಿಡಿದಿದ್ದ. ಪೈಪು, ಪಟ್ಟಿ, ಅವನ ಬಲಗೈ — ಎಲ್ಲ ಒಟ್ಟಿಗೆ ಮುಂದೆ ಹೋದವು. ಬಳ್ಳಾರಿ ಆಸ್ಪತ್ರೆಗೆ ಒಯ್ದಿದ್ದಾರೆ.



೧೧ ಮಾರ್ಚ್

ದುರುಗಪ್ಪನ ಬಲಗೈಯ ಮೂರು ಬೆರಳು ತೆಗೆದರು. ಹೆಬ್ಬೆರಳು, ತೋರುಬೆರಳು ಉಳಿದಿವೆ.

ಕನಕಪ್ಪ ಮುರಿದ ಕಾಲುಗಳನ್ನು ತಂದು ಅಂಗಡಿಯ ಮುಂದೆ ಒಗೆದ. ಹತ್ತು ಮಂದಿ ಸೇರಿದರು. ಮಿಲ್ಲಿನವರು, ಟೈರ್ ಅಂಗಡಿಯವರು, ಎಲ್ಲ.

"ಈ ಬೆಸುಗಿ ಯಾರ್ದು?"

ಕನಕಪ್ಪ ನನ್ನ ಕಡೆ ನೋಡಲೇ ಇಲ್ಲ. ಕಾಕಾನ ಕಡೆ ತಿರುಗಿದ.

"ಭಾರ ಕಡಿಮಿ ಹಾಕು ಅಂತ ನೀನ ಹೇಳಿದ್ದಿ ಮುದುಕಾ. ನಿನ್ನ ಕೆಲಸದ ಮ್ಯಾಲೆ ನಿನಗ ನಂಬಿಕಿ ಇದ್ದಿದ್ದಿಲ್ಲ. ಕಣ್ಣು ಕಾಣಂಗಿಲ್ಲ ಅಂದ್ರ ಮನ್ಯಾಗ ಕುಂದ್ರಬೇಕಿತ್ತು. ಅಂವನ ಕೈ ಯಾಕ ತಿಂದಿ?"

ಕಾಕಾ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಪಾಠ ಕೇಳಿದ ಮಾಸ್ತರು ಉತ್ತರಕ್ಕೆ ಕಾಯುತ್ತಾರಲ್ಲ, ಹಾಗೆ. ಕಾದರು. 'ನಾನು' — ಒಂದೇ ಮಾತು. ನಾಲಿಗೆಯ ತುದಿಯಲ್ಲಿತ್ತು. ನಾನು ತಲೆ ತಗ್ಗಿಸಿ ಆ ಮುರಿದ ಕಾಲು ನೋಡುತ್ತ ನಿಂತೆ.

ಕಾಕಾ ಹೆಗಲ ಮೇಲಿನ ಟವೆಲು ಕೊಡವಿ, ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋದರು.

೧೨ ಮಾರ್ಚ್

ಕಾಕಾ ಬರಲಿಲ್ಲ.

೧೩ ಮಾರ್ಚ್

ಇಂದೂ ಇಲ್ಲ. ಅವರ ಮನೆಯ ಓಣಿಯ ಬಾಯಿವರೆಗೆ ಹೋಗಿ ತಿರುಗಿ ಬಂದೆ.

೨ ಏಪ್ರಿಲ್. ಯುಗಾದಿ

ಹಂಪವ್ವ ಚಿಗವ್ವ ಬಂದಿದ್ದರು. ಹಬ್ಬದ ದಿನ ಅಂತ ಕಳಕಮ್ಮ ಬೇವು ಬೆಲ್ಲ ಕೊಟ್ಟಳು. ಚಿಗವ್ವ ತಗೊಂಡರು, ಬಾಯಿಗೆ ಹಾಕಿಕೊಳ್ಳಲಿಲ್ಲ, ಸೆರಗಿಗೆ ಕಟ್ಟಿಕೊಂಡರು.

"ನಿಮ್ಮ ಕಾಕಾನ ಸಾಮಾನು ಒಯ್ಯಾಕ ಬಂದೀನಿ. ಊರಾಗ ಯಾರೂ ಕೆಲಸ ಕೊಡವಲ್ರು. ಯಲಬುರ್ಗಾಕ ನಮ್ಮ ತಂಗಿ ಕಡಿ ಹೊಂಟೀವಿ. ಅವ್ರು ನಿನ್ನೆನ ಹೋಗ್ಯಾರ."

ಚಿಗವ್ವನಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ನಾನೇ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದೆ. ಹಾದಿಯುದ್ದಕ್ಕೂ ಹೇಳಬಹುದಿತ್ತು. ಈ ಸಲದ ಬಿಸಿಲಿನ ಬಗ್ಗೆ ಮಾತಾಡಿದೆ.

೬ ಜುಲೈ

ಏಜೆಂಟ್ ಹನ್ನೆರಡು ಕ್ಯಾರಿಯರ್ ಹೇಳಿದ್ದಾನೆ. "ಆ ಮುದುಕ ಹೋದ್ನಲ್ಲ, ಇನ್ನ ಚಿಂತಿ ಇಲ್ಲ" ಎಂದ. ಈಗ ರಿವೆಟ್ ಆದರೂ ನಡೆಯುತ್ತದಂತೆ.

ನೆಲದ ಮೇಲಿನ ಗೆರೆ ಅಳಿಸಿ ಹೋಗಿದೆ. ಅಳತೆಯೆಲ್ಲ ನೆನಪಿದೆ. ಆರು ಕಾಲು, ಓರೆ ಆನಿಕೆ, ಪಟ್ಟಿ — ಕಾಕಾ ಬರೆದ ಹಾಗೆಯೇ ಬರೆದೆ. ದಾರದ ಆ ತುದಿ ಹಿಡಿಯಲು ಯಾರೂ ಇರಲಿಲ್ಲ. ಮೊಳೆ ಹೊಡೆದು ಕಟ್ಟಿದೆ.

೧೪ ನವೆಂಬರ್ ೧೯೮೬. ಯಲಬುರ್ಗಾ

ಎರಡು ವರ್ಷ ಈ ಪುಸ್ತಕ ತೆರೆಯಲಿಲ್ಲ. ನಲವತ್ತಕ್ಕೂ ಹೆಚ್ಚು ಕ್ಯಾರಿಯರ್ ಮಾಡಿದೆ. ಒಂದೂ ಮುರಿದಿಲ್ಲ. ಊರಲ್ಲಿ ನನ್ನನ್ನು ಕ್ಯಾರಿಯರ್ ಉಮಾಪತಿ ಅನ್ನುತ್ತಾರೆ. ಹೋದ ವಾರ ಹೊಸಬನೊಬ್ಬ, "ಈ ಡಿಸೈನ್ ನಿಮ್ದ ಏನ್ರಿ?" ಎಂದ. ಹೌದು ಎಂದೆ. ಕಳಕಮ್ಮ ಚಹಾ ತಂದವಳು ಅಲ್ಲೇ ನಿಂತಿದ್ದಳು. ಸಂಜೆ ಕೇಳಿದಳು — "ಇನ್ನ ಎಷ್ಟು ತಗೋತೀರಿ ಕಾಕಾನ ಕಡಿಂದ?" ಅವಳಿಗೆ ಮೊದಲ ದಿನದಿಂದ ಗೊತ್ತು. ನಾನೇ ಕರೆದು ತೋರಿಸಿದ್ದೆನಲ್ಲ.

ಇವತ್ತು ಬೆಳಗಿನ ಬಸ್ಸಿಗೆ ಬಂದೆ. ಕಾಕಾ ಒಂದು ಸೈಕಲ್ ಅಂಗಡಿಯ ಮುಂದೆ ಕೂತು ಗಾಲಿಯ ಓರೆ ತೆಗೆಯುತ್ತಿದ್ದರು. ಕಣ್ಣು ನಿಜಕ್ಕೂ ಹೋಗಿವೆ. ರಿಮ್ಮಿಗೆ ಉಗುರು ತಾಗಿಸಿ, ತಿರುಗಿಸಿ, ಸಪ್ಪಳ ಕೇಳಿ ಕಡ್ಡಿ ಬಿಗಿಯುತ್ತಾರೆ.

"ಕಾಕಾ, ನಾನು."

ಗಾಲಿ ನಿಂತಿತು. "ಉಮಾಪತಿ."

"ತಪ್ಪಾತು ಕಾಕಾ. ಅವತ್ತ ನಾನು ಬಾಯಿ ಬಿಡಬೇಕಿತ್ತು. ಬೆಸುಗಿ ನಂದು ಅಂತ..."

"ಇದನ್ನ ನನಗ್ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ ಐತಿ." ಮತ್ತೆ ಗಾಲಿ ತಿರುಗಿಸಿದರು. "ದುರುಗಪ್ಪಗ ಹೇಳಿಯೇನು?"

"ಇಲ್ಲರಿ."

"ಹೇಳೂತನ ಈ ಕಡಿ ಬರಬ್ಯಾಡ."

ಬಸ್ಸಿಗಾಗಿ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.

೧೬ ನವೆಂಬರ್. ಇರಕಲ್ಲಗಡ

ಹೇಳಿದೆ.

ದುರುಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಎಡಗೈಯಿಂದ ಎಮ್ಮೆಯ ಹಗ್ಗ ಹೊಸೆಯುತ್ತಿದ್ದ, ಬಲಗೈಯ ಎರಡು ಬೆರಳಲ್ಲಿ ತುದಿ ಒತ್ತಿ ಹಿಡಿದು. ಕನಕಪ್ಪನನ್ನೂ ಕರೆಸಿದೆ. ಬೆಸುಗೆ ನನ್ನದು, ಆನಿಕೆ ತೆಗೆದವನು ನಾನು, ಕೊಯ್ದು ತೆಗಿ ಎಂದು ಕಾಕಾ ಹೇಳಿದ್ದರು ಎಂದೆ. ಇಷ್ಟು ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎರಡೂ ಮುಕ್ಕಾಲು ವರ್ಷ ಹೊತ್ತದ್ದು ಒಂದು ಬೀಡಿ ಸೇದುವ ಹೊತ್ತಿನ ಮಾತು.

ಕನಕಪ್ಪ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತ. ದುರುಗಪ್ಪ ತನ್ನ ಕೈ ನೋಡಿಕೊಂಡ.

"ಹೋದ ಬೆರಳು ಹೋದವು. ನೀವು ಮಾಡಿದ್ರೂ ಅಷ್ಟ, ಅವ್ರು ಮಾಡಿದ್ರೂ ಅಷ್ಟ" ಎಂದ.

ಅವನ ಹೆಂಡತಿ ಮಾರೆವ್ವ ಬಾಗಿಲಲ್ಲಿ ನಿಂತಿದ್ದವಳು ಕುಸಿದು ಕೂತಳು.

"ಅಷ್ಟ ಅಲ್ಲ. ಆ ಮುದುಕ ಇಲ್ಲಿಗೆ ಬಂದಿದ್ದ. ಇವ್ರು ದವಾಖಾನಿಯಿಂದ ಬಂದ ಮರುವಾರ. ಗಂಗಾವತಿಯಿಂದ ಬಾಳಿಹಣ್ಣು ತಂದಿದ್ದ. ನಾನು ಹಣ್ಣು ತಿಪ್ಪಿಗೆ ಒಗದೆ. ಬಿಸಿಲಾಗ ಬಂದೀನವ್ವ, ನೀರು ಕೊಡು ಅಂದ. ನನ್ನ ಗಂಡನ ಕೈ ತಿಂದಾಂವಗ ನೀರು ಕೊಡೂದಿಲ್ಲ ಅಂದೆ."

"ಏನಂದ್ರು ಕಾಕಾ?"

"ಹೌದವ್ವ ಅಂದ. ಹೋದ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮಗೊಂದ ಮಾತು ಆಡಾಕ ಆಗಲಿಲ್ಲ. ನನ್ನ ಬಾಯಾಗ ಎಂಥಾ ಮಾತು ಆಡಿಸಿದ್ರಿ ನೋಡ್ರಿ."

ಇದು ನನಗೆ ಗೊತ್ತಿರಲಿಲ್ಲ. ಕಾಕಾ ನನಗೂ ಹೇಳಿರಲಿಲ್ಲ. ಬೆರಳಿನ ತಪ್ಪು ನನ್ನ ಲೆಕ್ಕದಲ್ಲಿತ್ತು. ಆ ಬಿಸಿಲು, ಆ ನೀರು ಇರಲಿಲ್ಲ. ಇನ್ನೂ ಯಾವ ಯಾವ ಬಾಗಿಲಲ್ಲಿ ನಿಂತಿದ್ದರೋ...

ಮಾರೆವ್ವ ಎದ್ದಳು. "ನಾಳೆ ಯಲಬುರ್ಗಾಕ ಹೋಗೂನು. ಗಾಡಿ ತಗೀರಿ ಕನಕಪ್ಪಣ್ಣ."

೧೭ ನವೆಂಬರ್

ಕನಕಪ್ಪನ ಪಿಕಪ್ಪಿನಲ್ಲೇ ಹೋದೆವು. ದಾರಿಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸರಿ ಅನ್ನಿಸಿತು.

ಒಂದೇ ಕೋಣೆಯ ಮನೆ. ಅವರು ಮೂವರೂ ಒಳಗೆ ಹೋದರು. ನಾನು ಗಾಡಿಯ ಹತ್ತಿರ ನಿಂತೆ. ಮಾರೆವ್ವನ ಅಳು ಕೇಳಿತು. ಕಾಕಾ "ಇರ್ಲಿ ಬಿಡವ್ವ, ನಿಂದೇನು ತಪ್ಪೈತಿ" ಅನ್ನುವುದು ಕೇಳಿತು. ದುರುಗಪ್ಪ ಏನೋ ಅಂದ.

"ಅಂವ ಬಂದಾನೇನು?" — ಕಾಕಾನ ದನಿ.

"ಹೊರಗ ನಿಂತಾನ. ಕರೀಲೇನು?" — ಚಿಗವ್ವ.

"ಕರೀಬ್ಯಾಡ. ಬರೂದಿದ್ರ ತಾನ ಬರ್ತಾನ."

ಹೋದೆ. ಬಾಗಿಲು ಗಿಡ್ಡ; ಬಗ್ಗಬೇಕು. ಕಾಕಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಕಾಕಾ ಒಬ್ಬರನ್ನು ಬಿಟ್ಟು. ಪಕ್ಕ ಕೂತೆ. ದಾರಿಯಲ್ಲಿ ಏನೇನೋ ಮಾತು ಕಟ್ಟಿಕೊಂಡಿದ್ದೆ. ಅವರ ಕೈ ಹಿಡಿದೆ. ಒರಟು ಅಂಗೈ, ಸೈಕಲ್ಲಿನ ಎಣ್ಣೆ ವಾಸನೆ. ಬಿಡಿಸಿಕೊಳ್ಳಲಿಲ್ಲ ಅವರು. ನನ್ನ ಕೈ ಹಿಡಿಯಲೂ ಇಲ್ಲ. ಸುಮ್ಮನೆ ನನ್ನ ಕೈಯೊಳಗೆ ಬಿಟ್ಟಿದ್ದರು, ಹೊತ್ತು ಏರುವವರೆಗೂ, ಚಿಗವ್ವ ಊಟಕ್ಕೆ ಏಳಿ ಅನ್ನುವವರೆಗೂ, ಒಂದು ಬೆರಳೂ ಅಲುಗಿಸದೆ.